ಬಸ್ಸಕ್ಕನ ನಿದ್ದೆ ಕದ್ದವರು

"ನನ್ನ ಮಾತ್ರೆ ಯಾರೋ ಬದಲಾಯಿಸ್ತಿದ್ದಾರೆ ಸಾರ್. ಯಾರೋ ಅಂತ ಯಾಕೆ ಹೇಳ್ಲಿ, ನನ್ನ ತಮ್ಮನ ಹೆಂಡ್ತೀನೇ. ನೀವು ಸಾಕ್ಷಿ ಒಂದು ಹುಡುಕಿಕೊಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ."

ಬಾಗಿಲು ತೆರೆದ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದ ಬಸ್ಸಕ್ಕ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಲೇ ಇದ್ದಳು. ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ನಾನು ಕೊಟ್ಟ ನೀರನ್ನು ಗಟಗಟ ಕುಡಿದು ಖಾಲಿ ಲೋಟವನ್ನು ಮತ್ತೆ ನನ್ನ ಮುಂದೆ ಹಿಡಿದಳು.

ನಮ್ಮ ಬೀದಿಯಲ್ಲಿ ಬಸ್ಸಕ್ಕನನ್ನು ಅರಿಯದವರಿಲ್ಲ. ಅಪ್ಪ ಬಿಟ್ಟುಹೋದ ಒಂದೇ ಒಂದು ಪ್ರವಾಸಿ ಬಸ್ಸನ್ನು ಬೆಟ್ಟದ ದಾರಿಯಲ್ಲಿ ವರ್ಷಗಟ್ಟಲೆ ಓಡಿಸಿ, ಆ ಬಸ್ಸಿನ ಮೊದಲ ಸೀಟಿನಲ್ಲೇ ಮಲಗಿಸಿಕೊಂಡು ತಮ್ಮನನ್ನು ಸಾಕಿದ ಹೆಂಗಸು. ಈಗ ಬಸ್ಸು ಓಡಿಸುವವನು ಆ ತಮ್ಮನೇ. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದಳು, ಸೀಟಿನ ಕವರು ಹೊಲಿಯುತ್ತಿದ್ದಳು.

ಅವಳು ಹುಡುಕಿಕೊಂಡು ಬಂದ ಪತ್ತೇದಾರ ನಾನಲ್ಲ, ನನ್ನ ಷಡ್ಡಕ. ನಮ್ಮ ಹೆಂಡಿರು ಒಡಹುಟ್ಟಿದವರು. ಇಬ್ಬರೂ ತೀರಿಕೊಂಡ ಮೇಲೆ, ಎರಡು ಒಲೆ ಯಾಕೆಂದು ನಾವು ಒಂದೇ ಮನೆಯಲ್ಲಿ ಉಳಿದೆವು. ನಾನು ಔಷಧಿ ಅಂಗಡಿ ಮುಚ್ಚಿ ಸುಮ್ಮನೆ ಕೂತವನು; ಅವನು ಸುಮ್ಮನೆ ಕೂರಲಾರದೆ ಊರವರ ಗುಟ್ಟು ಬಿಡಿಸುವವನು. ಅಡುಗೆ ನನ್ನದು, ಅಹಂಕಾರ ಅವನದು. ತಲೆ ಓಡಬೇಕಾದರೆ ಅವನಿಗೆ ಕಡಲೆಕಾಯಿ ಸುಲಿಯಲೇಬೇಕು. ಸಿಪ್ಪೆ ಗುಡಿಸುವವನು ನಾನು.

"ಮೊದಲಿಂದ ಹೇಳಿ ಬಸ್ಸಕ್ಕ," ಎಂದು ಅವನು ಕಡಲೆಕಾಯಿಯ ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡ.

"ಸಂಜೆ ಆದ್ರೆ ಸಾಕು, ಕಾಲೊಳಗೆ ಸೋಡಾ ತುಂಬಿದ ಹಾಗೆ ಆಗುತ್ತೆ ಸಾರ್. ನೋವಲ್ಲ, ಉರಿಯಲ್ಲ. ಕಾಲು ಆಡಿಸದೇ ಇರಕ್ಕಾಗಲ್ಲ, ಅಷ್ಟೆ. ಎದ್ದು ಓಡಾಡಿದ್ರೆ ಸುಮ್ಮನಾಗುತ್ತೆ, ಮಲಗಿದ್ರೆ ಮತ್ತೆ ಶುರು. ಇದೂ ಒಂದು ಕಾಯಿಲೆಯಾ ಅಂತ ನಾಚಿಕೆ ಪಟ್ಕೊಂಡೇ ಎಷ್ಟೋ ದಿನ ಸುಮ್ಮನಿದ್ದೆ. ಆಮೇಲೆ ನರದ ಡಾಕ್ಟ್ರಮ್ಮ, ಕಾಯಿಲೆ ಅಂದ್ರೆ ಕಾಯಿಲೇನೇ, ಅದಕ್ಕೆ ಹೆಸರೂ ಇದೆ, ಔಷಧೀನೂ ಇದೆ ಅಂದ್ರು. ಸಂಜೆ ಒಂದು ಸಣ್ಣ ಬಿಳೀ ಮಾತ್ರೆ. ಅಯ್ಯೋ, ತಗೊಂಡ ಮೇಲೆ ಹೇಗೆ ಮಲಗಿದೆ ಅಂತೀರಿ! ಕೊರಡು ಬಿದ್ದ ಹಾಗೆ."

"ಆಮೇಲೆ?"

"ಆಮೇಲೆ ತಮ್ಮನ ಮದುವೆ ಆಯ್ತು. ಮದುವೆ ಗಲಾಟೇಲಿ ನಾನೇ ಒಂದೆರಡು ಸಲ ಮಾತ್ರೆ ಮರೆತೆ, ನಿದ್ದೆ ಕೆಡ್ತು. ಸರಿ, ಮರೀದೆ ತಗೊಂಡ್ರೆ ನೆಟ್ಟಗಾಗುತ್ತೆ ಅಂದ್ಕೊಂಡೆ. ಎಲ್ಲಿ? ದಿನ ಹೋದ ಹಾಗೆ ಜಾಸ್ತಿನೇ ಆಯ್ತು. ಈಗ ನಿದ್ದೆ ಕಣ್ಣಿಗೆ ಬರುತ್ತೆ ಸಾರ್, ಕಾಲಿಗೆ ಬರಲ್ಲ! ರೆಪ್ಪೆ ಎತ್ತಕ್ಕಾಗಲ್ಲ, ಕಾಲು ನಿಲ್ಲಲ್ಲ. ಬಿಸಿನೀರಲ್ಲಿ ಕಾಲು ಇಟ್ಟೆ, ನಡುಮನೆ ಉದ್ದಕ್ಕೂ ನಡೆದೆ, ನಿಂತ್ಕೊಂಡು ಮಾಡೋ ಕೆಲಸ ಬೇಕು ಅಂತ ಇಸ್ತ್ರಿ ಮಾಡ್ದೆ. ನಮ್ಮನೇಲಿ ಒರೆಸೋ ಬಟ್ಟೇನೂ ಗರಿಗರಿಯಾಗಿದೆ ಈಗ. ಬೆಳಗ್ಗೆ ಬಾಯಿ ಒಣಗಿ ನಾಲಿಗೆ ಅಂಟ್ಕೊಂಡಿರುತ್ತೆ."

"ಬೇರೆ ಮಾತ್ರೆ ಏನಾದ್ರೂ?"

"ಸತ್ರೂ ಇಲ್ಲ! ನೆಗಡಿ ಮಾತ್ರೆ ಆದ್ರೂ ನನ್ನ ಕೇಳದೆ ತಗೋಬೇಡ ಅಂತ ಡಾಕ್ಟ್ರಮ್ಮ ಹೇಳಿದ್ದಾರೆ. ನಿದ್ದೆ ಮಾತ್ರೆ ತಗೋ ಅಕ್ಕ ಅಂತ ತಮ್ಮ ಕಾಲು ಹಿಡಿದ. ಇನ್ನೊಂದು ಮಾತ್ರೆ ಬಾಯಿಗೆ ಹಾಕಿದ್ರೆ ನಿನ್ನಾಣೆ ಅಂತ ಅವನ ತಲೆ ಮೇಲೇ ಕೈಯಿಟ್ಟೆ."

"ನಿದ್ದೆ ಚೆನ್ನಾಗಿ ಬರೋ ದಿನವೇ ಇಲ್ವಾ?"

"ಇದೆ ಸಾರ್, ಅದೇ ಇದರ ಗುಟ್ಟು! ಶನಿವಾರ ತಮ್ಮ ಬಸ್ಸು ತಗೊಂಡು ಹೋಗ್ತಾನೆ, ಭಾನುವಾರ ಬರ್ತಾನೆ. ಅವನು ಆ ಕಡೆ ಹೋದ್ರೆ ಇವಳು ಈ ಕಡೆ ತವರಿಗೆ. ಆವತ್ತು ನಾನು ಹಾಯಾಗಿ ಮಲಗ್ತೀನಿ. ಅವಳಿಲ್ಲದ ದಿನ ನಿದ್ದೆ, ಇದ್ದ ದಿನ ಜಾಗರಣೆ. ಇನ್ನೇನು ಬೇಕು? ಕನ್ನಡಕದ ಅಂಗಡೀಲಿ ಕೆಲಸ ಅವಳಿಗೆ, ಸಾಸಿವೆಯಷ್ಟು ತಿರುಪು ಬಿಚ್ಚಿ ಹಾಕೋ ಕೈ. ಮಾತ್ರೆ ಬದಲಾಯಿಸೋದು ಯಾವ ಮಹಾ! ಭಾನುವಾರ ಸಂಜೆ ಒಳಗೆ ಇಬ್ಬರೂ ಮನೆ ಖಾಲಿ ಮಾಡಿ ಅಂದುಬಿಟ್ಟಿದ್ದೀನಿ."

ಕೊನೆಯ ಮಾತು ಹೇಳುವಾಗ ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಹೊತ್ತು ಸಾಕಿದ ತಮ್ಮನನ್ನು ಮನೆಯಿಂದ ಕಳಿಸುವುದು ಅವಳಿಗೇನು ಸುಲಭವಾಗಿತ್ತೆ?

ಷಡ್ಡಕ ಬುಟ್ಟಿಯಿಂದ ತಲೆ ಎತ್ತಿದ. "ಒಂದು ಪ್ರಶ್ನೆ. ತಮ್ಮ ಊರಲ್ಲಿಲ್ಲ, ತಮ್ಮನ ಹೆಂಡತಿ ಮಾತ್ರ ಮನೇಲಿದ್ದ ರಾತ್ರಿ ಯಾವುದಾದ್ರೂ ಇದೆಯಾ?"

ಬಸ್ಸಕ್ಕ ಓಡಾಟ ನಿಲ್ಲಿಸಿ ಯೋಚಿಸಿದಳು. "ಒಂದ್ಸಲ. ಅವಳ ಅಂಗಡೀಲಿ ಕಣ್ಣು ಪರೀಕ್ಷೆ ಶಿಬಿರ ಅಂತ ಶನಿವಾರ ಉಳ್ಕೊಂಡಿದ್ಲು. ನಾನು ದಿನಾ ಕುಡಿಯೋ ಹಾಲೂ ಅವಳೇ ತಂದ್ಕೊಟ್ಲು. ಅವಳಿದ್ರೂ ಆವತ್ತು ಚೆನ್ನಾಗಿ ಮಲಗಿದೆ. ಆವತ್ತು ಬೆಳಗ್ಗೇನೇ ಸರಿಯಾಗಿ ಬೈದಿದ್ದೆ ನೋಡಿ, ಹೆದರಿ ಸುಮ್ಮನಿದ್ಲು."

"ಹಾಗಾ," ಎಂದ ಷಡ್ಡಕ. ಕೈಯಲ್ಲಿದ್ದ ಕಾಳನ್ನು ಬಾಯಿಗೆ ಹಾಕುವುದನ್ನೇ ಮರೆತಿದ್ದ. ಅವನನ್ನು ಬಲ್ಲ ನನಗೆ ಅದೊಂದು ಸೂಚನೆ.

ಮಾತ್ರೆ ಪರೀಕ್ಷೆ ನನ್ನ ಪಾಲಿಗೆ ಬಂತು. ಹೆಬ್ಬೆರಳಲ್ಲಿ ಒತ್ತಿ ಮಾತ್ರೆಯ ಬೆಳ್ಳಿ ಹಾಳೆ ಒಡೆಯಲು ಆಗುವುದಿಲ್ಲವೆಂದು ಬಸ್ಸಕ್ಕ ಮಾತ್ರೆಗಳನ್ನೆಲ್ಲ ಬಿಡಿಸಿ ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಆ ಡಬ್ಬಿ ಅಡುಗೆಮನೆಯ ಕಪಾಟಿನಲ್ಲಿ ಎಲ್ಲರ ಕೈಗೆ ಸಿಗುವಂತಿರುತ್ತಿತ್ತು. ಅವಳು ತಂದುಕೊಟ್ಟ ಡಬ್ಬಿಯ ಮಾತ್ರೆಗಳನ್ನೂ ಒಡೆಯದ ಹಾಳೆಯ ಮಾತ್ರೆಗಳನ್ನೂ ಭೂತಗನ್ನಡಿ ಹಿಡಿದು ಹೋಲಿಸಿದೆ. ಬಣ್ಣ, ಅಂಚು, ಮೇಲಿನ ಗುರುತು, ನೀರಿಗೆ ಹಾಕಿದರೆ ಕರಗುವ ರೀತಿ, ಎಲ್ಲವೂ ಒಂದೇ.

"ಅಸಲಿ ಮಾಲು," ಎಂದೆ. "ಯಾರೂ ಏನೂ ಬದಲಾಯಿಸಿಲ್ಲ. ಆ ಹೆಂಗಸಿಗೆ ನಿದ್ದೆಗೆಟ್ಟು ತಲೆ ಕೆಟ್ಟಿದೆ, ಅಷ್ಟೆ. ಇಲ್ಲಾಂದ್ರೆ ಔಷಧಿಯೇ ತಿರುಗಿ ಬಿದ್ದಿದೆ. ಈ ಜಾತಿ ಔಷಧಿ ಕೆಲವರಿಗೆ ದಿನ ಕಳೆದ ಹಾಗೆ ಕಾಯಿಲೆಯನ್ನೇ ಹೆಚ್ಚು ಮಾಡುತ್ತೆ ಅಂತ ಎಲ್ಲೋ ಓದಿದ್ದೆ."

"ತಿರುಗಿ ಬಿದ್ದ ಔಷಧಿ ಶನಿವಾರ ರಜಾ ಹಾಕುತ್ತೇನಯ್ಯ?" ಎಂದು ಷಡ್ಡಕ ನಕ್ಕ. ನನಗೆ ಮೈ ಉರಿಯಿತು, ಸಿಪ್ಪೆ ಗುಡಿಸಲು ಎದ್ದೆ.

ಮರುದಿನ ಸಂಜೆ, ಸೀಟು ಬುಕ್ ಮಾಡುವ ನೆಪದಲ್ಲಿ ಅವರ ಮನೆಗೆ ಹೋದೆವು. ಮುಂದಿನ ಕೋಣೆಯ ತುಂಬ ಹಸಿರು ರೆಕ್ಸಿನ್ ವಾಸನೆ. ಹೊಲಿಗೆ ಯಂತ್ರದ ಪಕ್ಕದಲ್ಲಿ ಎರಡು ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿದ್ದವು. ತಮ್ಮ ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತು ಅವಳ ಮೀನಖಂಡ ಒತ್ತುತ್ತಿದ್ದ. ಎತ್ತರದ ಆಳು, ನಾಳಿದ್ದು ಅಕ್ಕನಿಂದಲೇ ಹೊರಹಾಕಿಸಿಕೊಳ್ಳುವವನು ಎಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

"ಬೆಟ್ಟದ ದಾರಿ ಚೆನ್ನಾಗಿತ್ತು," ಎಂದು ಷಡ್ಡಕ ಮಾತು ತೆಗೆದ.

ಬಸ್ಸಕ್ಕನ ಮುಖ ಅರಳಿತು. "ಎಲ್ಲಿ ಸಾರ್ ಈಗ? ಸುರಂಗ ಕೊರೆದು ನೇರ ರಸ್ತೆ ಮಾಡಿಬಿಟ್ರು. ನಮ್ಮ ಕಾಲದಲ್ಲಿ ತಿರುವು ಅಂದ್ರೆ ತಿರುವು! ಹತ್ತುವಾಗಲೇ ಎಲ್ರಿಗೂ ಒಂದೊಂದು ವಾಂತಿ ಮಾತ್ರೆ ಕೊಡ್ತಿದ್ದೆ. ಅದು ನುಂಗಿ ಎಲ್ರೂ ಗೊರಕೆ. ಇವನೂ ನನ್ನ ಹಿಂದಿನ ಸೀಟಲ್ಲಿ ಮುದುಡ್ಕೊಂಡು ಗೊರಕೆ. ಇಡೀ ಬಸ್ಸಲ್ಲಿ ಎಚ್ಚರ ಇದ್ದೋಳು ನಾನೊಬ್ಬಳೇ."

ತಮ್ಮ ತಲೆ ತಗ್ಗಿಸಿಕೊಂಡು ಇನ್ನೂ ಜೋರಾಗಿ ಕಾಲು ಒತ್ತಿದ.

ಒಳಗೆ ಹಾಲು ಉಕ್ಕುವ ಸದ್ದು ಕೇಳಿಸಿತು. ತಮ್ಮನ ಹೆಂಡತಿ ಲೋಟ ಹಿಡಿದು ಹೊಸಿಲ ತನಕ ಬಂದಳು. "ತಾ, ನಾನು ಕೊಡ್ತೀನಿ," ಎಂದು ಅವನು ಎದ್ದುಹೋಗಿ ಅದನ್ನು ಇಸಕೊಂಡ. ಜೇನುತುಪ್ಪ ಹಾಕಲು ಬೀರುವಿನ ಕಡೆ ತಿರುಗಿದ, ಚಮಚದಲ್ಲಿ ಬಹಳ ಹೊತ್ತು ಕಲಕಿ ತಂದುಕೊಟ್ಟ. ಎಂಥ ತಮ್ಮನಪ್ಪ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಬಸ್ಸಕ್ಕ ಅದನ್ನು ಔಷಧಿಯಂತೆ ಎತ್ತಿ ಕುಡಿದಳು.

ಬಾಗಿಲ ತನಕ ಕಳಿಸಲು ಬಂದವಳು ತಮ್ಮನ ಹೆಂಡತಿ. ಸಣ್ಣಗಿನ ಹೆಣ್ಣು, ಕಣ್ಣು ಊದಿತ್ತು.

"ಏನಮ್ಮ, ನಿನ್ನ ಕಡೆಯಿಂದ ಹೇಳೋದು ಏನಾದ್ರೂ ಇದೆಯಾ?" ಎಂದು ಷಡ್ಡಕ ಮೆಲ್ಲಗೆ ಕೇಳಿದ.

"ನಾನು ಅಕ್ಕನ ಮಾತ್ರೆ ಮುಟ್ಟಿಲ್ಲ," ಎಂದಳು. "ಅದಕ್ಕಿಂತ ಜಾಸ್ತಿ ನನ್ನ ಕೇಳಬೇಡಿ. ಅವರಿಬ್ಬರ ಮಧ್ಯೆ ಹುಳಿ ಹಿಂಡಿದೆ ಅನ್ನಿಸಿಕೊಂಡು ನಾನು ಈ ಮನೇಲಿ ಇರಲಾರೆ."

ದಾರಿಯುದ್ದಕ್ಕೂ ನಾನು ಹೇಳಿದ್ದೇ ಹೇಳಿದೆ: "ಏನೋ ಮುಚ್ಚಿಡ್ತಿದ್ದಾಳೆ. ಅವಳೇ."

"ಮುಚ್ಚಿಡ್ತಿದ್ದಾಳೆ, ಸರಿ," ಎಂದ ಷಡ್ಡಕ. "ಯಾರನ್ನ ಅಂತ ಹೇಳು ನೋಡೋಣ."

ಶನಿವಾರ ಬೆಳಗ್ಗೆ ಅವನು ನನ್ನನ್ನು ಬಸ್ಸು ಹತ್ತಿಸಿದ. ಬಸ್ಸಿನಲ್ಲಿ ಹೊಟ್ಟೆ ತೊಳಸುವುದು ನನಗೆ ಹುಟ್ಟಿನಿಂದ ಬಂದದ್ದು, ಅದು ಅವನಿಗೂ ಗೊತ್ತು. ಬೇಡವೆಂದರೆ ಕೇಳಲಿಲ್ಲ. ಊರು ದಾಟುವಷ್ಟರಲ್ಲಿ ನನ್ನ ಬಾಯಲ್ಲಿ ನೀರೂರಲು ಶುರುವಾಯಿತು.

"ತಮ್ಮಾ, ಒಂದು ವಾಂತಿ ಮಾತ್ರೆ ಇದ್ದರೆ ಕೊಡಪ್ಪ," ಎಂದು ಷಡ್ಡಕ ಕೂಗಿದ.

"ಖಾಲಿಯಾಗಿದೆ ಸಾರ್," ಎಂದ ಅವನು, ಕನ್ನಡಿಯಲ್ಲೂ ನಮ್ಮ ಕಡೆ ನೋಡದೆ.

ಪಕ್ಕದ ಸೀಟಿನಲ್ಲಿ ಉಣ್ಣೆ ಹೆಣೆಯುತ್ತಿದ್ದ ಮುದುಕಿ ನನ್ನನ್ನು ಕೆಳಗಿಂದ ಮೇಲೆ ನೋಡಿದಳು. "ನಾನು ಪ್ರತಿ ವಾರ ಮೊಮ್ಮಗಳನ್ನ ನೋಡಕ್ಕೆ ಇದರಲ್ಲೇ ಹೋಗ್ತೀನಿ. ನೇರ ರಸ್ತೆ ಆದ ಮೇಲೆ ಒಬ್ಬರೂ ವಾಂತಿ ಮಾಡಿಲ್ಲ, ನೀವೇ ಮೊದಲು," ಎಂದು ಕಾಲು ಮೇಲೆತ್ತಿ ಕೂತಳು.

ಷಡ್ಡಕ ಎದ್ದು ಹೋಗಿ ಬಾಗಿಲ ಮೇಲಿನ ಫಸ್ಟ್ ಏಡ್ ಡಬ್ಬಿ ತೆರೆದ. ಹತ್ತಿ, ಪಟ್ಟಿ, ಟಿಂಚರ್, ಎಲ್ಲಾ ಧೂಳು ಹಿಡಿದಿದ್ದವು. ವಾಂತಿ ಮಾತ್ರೆಯ ಹಾಳೆಗಳು ಮಾತ್ರ ಒಡೆದು ಬರಿದಾಗಿ, ಧೂಳಿಲ್ಲದೆ ಮಿನುಗುತ್ತಿದ್ದವು. ಒಂದು ಖಾಲಿ ಹಾಳೆಯನ್ನು ಜೇಬಿಗಿಳಿಸಿ, ಮೊದಲ ನಿಲ್ದಾಣದಲ್ಲೇ ನನ್ನನ್ನು ಇಳಿಸಿಕೊಂಡ. ಅಲ್ಲೇ ಒಂದು ಮರದ ಬುಡದಲ್ಲಿ ನನ್ನ ಮಾನ ಹೋಯಿತು. ಬೆನ್ನು ಸವರುವುದು ಬಿಟ್ಟು ಆ ಮಹಾರಾಯ ನರದ ಡಾಕ್ಟರಿಗೆ ಫೋನು ಮಾಡುತ್ತಿದ್ದ.

"ರೋಗಿಗಳ ವಿಷಯ ನಾನು ಬೇರೆಯವರಿಗೆ ಹೇಳೋದಿಲ್ಲ," ಎಂದು ಆ ಕಡೆಯಿಂದ ಡಾಕ್ಟರು ಹೇಳಿದ್ದು ನನಗೂ ಕೇಳಿಸಿತು.

"ರೋಗಿ ವಿಷಯ ಬೇಡ ಡಾಕ್ಟ್ರೇ, ಮಾತ್ರೆ ವಿಷಯ ಹೇಳಿ," ಎಂದು ಅವನು ಹಾಳೆಯ ಮೇಲಿದ್ದ ಹೆಸರು ಓದಿದ. ಆಮೇಲೆ ದೂರ ಸರಿದು ಮಾತಾಡಿದ್ದರಿಂದ ಉತ್ತರ ನನಗೆ ಕೇಳಿಸಲಿಲ್ಲ. ಮರಳಿ ಬಂದಾಗ ಅವನ ಮುಖದಲ್ಲಿ ನಗು ಇರಲಿಲ್ಲ. "ಪಾಪ," ಎಂದಷ್ಟೇ ಹೇಳಿದ. ಯಾರು ಪಾಪ ಎಂದು ಕೇಳಿದರೆ ಮನೆಗೆ ನಡಿ ಎಂದ.

ಭಾನುವಾರ ಸಂಜೆ ನಾವು ಹೋದಾಗ ಸೂಟ್‌ಕೇಸುಗಳು ಬಾಯಿ ಮುಚ್ಚಿಕೊಂಡು ಬಾಗಿಲ ಹತ್ತಿರ ನಿಂತಿದ್ದವು. ತಮ್ಮ ಗೋಡೆಗೆ ಒರಗಿದ್ದ. ಅವನ ಹೆಂಡತಿ ಅಡುಗೆಮನೆಯ ಹೊಸಿಲಲ್ಲಿ ಕೂತಿದ್ದಳು. ಬಸ್ಸಕ್ಕ ಮಾತ್ರ ನಿಂತಿದ್ದಳು. ಹಿಂದಿನ ರಾತ್ರಿ ಒಬ್ಬಳೇ ಇದ್ದು ಚೆನ್ನಾಗಿ ನಿದ್ದೆ ಮಾಡಿದ್ದರಿಂದ ಅವಳ ಕಣ್ಣು ತಿಳಿಯಾಗಿತ್ತು, ಗಂಟಲೂ ಗಟ್ಟಿಯಾಗಿತ್ತು.

"ಹೇಳಿ ಸಾರ್. ಇವಳೇ ತಾನೆ?"

"ಇವಳಲ್ಲ," ಎಂದ ಷಡ್ಡಕ. "ನಿಮ್ಮ ಮಾತ್ರೆಯನ್ನ ಯಾರೂ ಮುಟ್ಟೇ ಇಲ್ಲ. ನನ್ನ ಷಡ್ಡಕ ಭೂತಗನ್ನಡಿ ಹಿಡಿದು ನೋಡಿದ್ದಾನೆ. ಬೇರೆ ವಿಷಯದಲ್ಲಿ ಹೇಗೋ ಏನೋ, ಮಾತ್ರೆ ವಿಷಯದಲ್ಲಿ ಅವನ ಮಾತು ನಂಬಬಹುದು."

ನಾನು ಕೆಮ್ಮಿದೆ.

"ಹಾಗಾದ್ರೆ ಔಷಧಿಯೇ ಕೈ ಕೊಟ್ಟಿತಾ? ಕೊಟ್ಟಿದ್ರೆ ಶನಿವಾರವೂ ಕೊಡಬೇಕಿತ್ತು. ಶನಿವಾರ ನೀವು ಸುಖವಾಗಿ ಮಲಗ್ತೀರಿ. ಅಂದ್ರೆ ಔಷಧಿ ತನ್ನ ಕೆಲಸ ತಾನು ಮಾಡ್ತಿದೆ, ಮಿಕ್ಕ ದಿನ ಇನ್ನೇನೋ ಅದನ್ನ ಕೆಡಿಸ್ತಿದೆ. ಏನದು? ನಿದ್ದೆ ಕಣ್ಣಿಗೆ ಬರುತ್ತೆ, ಕಾಲಿಗೆ ಬರಲ್ಲ ಅಂದ್ರಿ. ಬಾಯಿ ಒಣಗುತ್ತೆ ಅಂದ್ರಿ. ಬರೀ ನಿದ್ದೆಗೆಟ್ಟವರಿಗೆ ಹೀಗೆ ನಾಲಿಗೆ ಅಂಟ್ಕೊಳ್ಳಲ್ಲ. ಮಂಪರು ತರೋ ಯಾವುದೋ ಮಾತ್ರೆ ನಿಮ್ಮ ಹೊಟ್ಟೆಗೆ ಹೋಗ್ತಿದೆ ಅನ್ನಿಸ್ತು. ನೀವು ತಗೊಳ್ತಿಲ್ಲ, ಆಣೆ ಇಟ್ಟಿದ್ದೀರಿ. ಹಾಗಿದ್ರೆ ಯಾರೋ ಕೊಡ್ತಿದ್ದಾರೆ."

"ಇವಳೇ ತಾನೆ ಹಾಲು ಕಾಯಿಸೋದು!" ಎಂದಳು ಬಸ್ಸಕ್ಕ.

"ಕಾಯಿಸೋದು ಇವಳು. ಶಿಬಿರ ಇದ್ದ ಶನಿವಾರ ಕಾಯಿಸಿದ್ದೂ ಇವಳೇ, ತಂದುಕೊಟ್ಟಿದ್ದೂ ಇವಳೇ. ಆವತ್ತು ನಿಮಗೆ ಒಳ್ಳೇ ನಿದ್ದೆ. ಬೈದಿದ್ದಕ್ಕೆ ಹೆದರಿದಳು ಅಂದ್ರಿ. ಬೈಗುಳ ನೀವು ದಿನಾ ಕೊಡ್ತಿದ್ರಿ ಬಸ್ಸಕ್ಕ, ಅದರಲ್ಲೇನು ಹೊಸದು? ಆವತ್ತು ಮನೇಲಿ ಇಲ್ಲದೇ ಇದ್ದವರು ಯಾರು ಅಂತ ಯೋಚನೆ ಮಾಡಿ."

ಷಡ್ಡಕ ಜೇಬಿನಿಂದ ಆ ಖಾಲಿ ಹಾಳೆ ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟ.

"ಬೆಟ್ಟದ ದಾರಿ ಹೋಯ್ತು. ವಾಂತಿ ಮಾಡೋರು ಯಾರೂ ಇಲ್ಲ, ನನ್ನ ಷಡ್ಡಕನೊಬ್ಬನನ್ನ ಬಿಟ್ಟು. ಆದ್ರೂ ಬಸ್ಸಿನ ಡಬ್ಬೀಲಿ ವಾಂತಿ ಮಾತ್ರೆ ಖಾಲಿಯಾಗ್ತಾನೇ ಇದೆ. ಎಲ್ಲಿಗೆ ಹೋಗ್ತಿದೆ ತಮ್ಮಾ?"

ತಮ್ಮ ಅಂಗಿಯ ಜೇಬಿಗೆ ಕೈ ಹಾಕಿ ಮತ್ತೊಂದು ಹಾಳೆ ತೆಗೆದ. ಅದರಲ್ಲಿ ಇನ್ನೂ ಮಾತ್ರೆ ಇದ್ದವು.

"ಮದುವೆ ಆದ ಹೊಸತರಲ್ಲಿ ನೀನು ಮಲಗದೇ ಒದ್ದಾಡ್ತಿದ್ದೆ ಅಕ್ಕ," ಎಂದ. ಅಷ್ಟು ದೊಡ್ಡ ಆಳಿನ ದನಿ ಮಗುವಿನದರಂತೆ ಆಗಿತ್ತು. "ನೋಡಕ್ಕಾಗಲಿಲ್ಲ. ಹುಟ್ಟಿದಾಗಿಂದ ನೋಡಿದ್ದೀನಲ್ಲ, ಇದನ್ನ ನುಂಗಿದೋರು ತಿರುವು ಬಂದ್ರೂ ಏಳಲ್ಲ, ಊರು ಬಂದ್ರೂ ಏಳಲ್ಲ. ಇಡೀ ಬಸ್ಸನ್ನ ಮಲಗಿಸೋ ಮಾತ್ರೆ ನನ್ನ ಅಕ್ಕನ್ನ ಮಲಗಿಸಲ್ವಾ ಅಂದ್ಕೊಂಡೆ. ನೀನು ಆಣೆ ಇಟ್ಟಿದ್ದೆ, ಕೇಳಿದ್ರೆ ಬೇಡ ಅಂತಿದ್ದೆ. ಪುಡಿ ಮಾಡಿ ಹಾಲಿಗೆ ಹಾಕಿದೆ. ಮೊದಲು ಅರ್ಧ. ಕಮ್ಮಿಯಾಗಲಿಲ್ಲ ಅಂತ ಒಂದು. ಆಮೇಲೆ ಇನ್ನೂ ಜಾಸ್ತಿ."

"ಅಲ್ಲೇ ಇರೋದು ಗ್ರಹಚಾರ," ಎಂದ ಷಡ್ಡಕ. "ಡಾಕ್ಟ್ರಮ್ಮ ಹೇಳಿದ್ದು ಕೇಳಿ. ಈ ಬಗೆಯ ವಾಂತಿ ಮಾತ್ರೆ, ಇದರ ಬಳಗದ ನೆಗಡಿ ಮಾತ್ರೆ, ಬೇರೆಯವರಿಗೆ ನಿದ್ದೆ ತರುತ್ತೆ. ಕಾಲಿನ ಈ ಕಾಯಿಲೆ ಇರೋರಿಗೆ ಕಣ್ಣು ಎಳೆಯುತ್ತೆ, ಕಾಲನ್ನ ಮಾತ್ರ ಕೆರಳಿಸುತ್ತೆ. ಕೇಳದೆ ಏನೂ ತಗೋಬೇಡ ಅಂತ ಅವರು ಹೇಳಿದ್ದು ಇದಕ್ಕೇ. ನೀವು ಒದ್ದಾಡಿದಷ್ಟೂ ಇವನು ಹೆಚ್ಚು ಹಾಕ್ದ, ಇವನು ಹೆಚ್ಚು ಹಾಕಿದಷ್ಟೂ ನೀವು ಒದ್ದಾಡಿದ್ರಿ."

ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನ್ನಿಸಿತು. ಆ ಮಾತ್ರೆಯನ್ನು ಜೀವಮಾನವಿಡೀ ಮಾರಿದ್ದೆ. ಡ್ರೈವರುಗಳಿಗೆ ಕೊಡಬೇಡಿ ಎಂದು ಗಿರಾಕಿಗಳಿಗೆ ಹೇಳಿಯೂ ಇದ್ದೆ. ಕಾಲಿನ ಸಂಗತಿ ಮಾತ್ರ ನನಗೆ ಗೊತ್ತಿರಲಿಲ್ಲ.

ಬಸ್ಸಕ್ಕ ತಮ್ಮನ ಹತ್ತಿರ ಹೋಗಿ ಅವನ ಬೆನ್ನಿಗೆ ಗುದ್ದಿದಳು, ಮತ್ತೊಮ್ಮೆ ಗುದ್ದಿದಳು. "ಕತ್ತೆ! ನನಗೆ ಒಂದು ಮಾತು ಹೇಳ್ಬಾರದಿತ್ತೇನೋ? ಅವಳನ್ನ ಬಾಯಿಗೆ ಬಂದ ಹಾಗೆ ಬೈತಿದ್ದೆನಲ್ಲ, ಆಗಲಾದ್ರೂ?"

"ಮಾತ್ರೆ ಬದಲಾಯಿಸಿದ್ದಾಳೆ ಅಂತ ಬೈತಿದ್ದೆ ಅಕ್ಕ. ಅದು ಸುಳ್ಳು ಅಂತ ಸಾವಿರ ಸಲ ಹೇಳ್ದೆ. ಇದರಿಂದಲೇ ಹೀಗಾಗ್ತಿದೆ ಅಂತ ನನಗೇನು ಗೊತ್ತು? ನನ್ನ ಆಣೆ ನಾನೇ ಮುರಿಸಿದೀನಿ ಅಂತ ಗೊತ್ತಾದ್ರೆ ನೀನು ಇನ್ನು ನನ್ನ ಕೈಯಿಂದ ಏನೂ ಮುಟ್ಟಲ್ಲ ಅಂತ ಹೆದರ್ದೆ."

ಷಡ್ಡಕ ಹೊಸಿಲ ಕಡೆ ತಿರುಗಿದ. "ನಿನಗೆ ಗೊತ್ತಿತ್ತು, ಅಲ್ವೇನಮ್ಮ?"

ಅವಳು ಹೌದೆಂದು ತಲೆ ಆಡಿಸಿದಳು. "ಒಂದಿನ ಪುಡಿ ಮಾಡೋದು ನೋಡಿದೆ. ಬಸ್ಸಲ್ಲಿ ಮಕ್ಕಳಿಗೂ ಕೊಡ್ತೀವಿ, ಏನೂ ಆಗಲ್ಲ ಅಂದ್ರು. ಅಕ್ಕನಿಗೆ ಹೇಳೋಣ ಅಂತ ಬಾಯಿವರೆಗೂ ಬಂತು. ಹೇಳಿದ್ರೆ ಅಕ್ಕನಿಗೆ ತಮ್ಮನ ಮೇಲಿನ ನಂಬಿಕೆ ಹೋಗುತ್ತೆ. ನನ್ನ ಮೇಲೆ ಹೇಗೂ ಇರಲಿಲ್ಲ."

ಆ ಮಾತು ಬಸ್ಸಕ್ಕನಿಗೆ ನಾಟಿತು. ಅಷ್ಟು ದಿನದ ಮೇಲೆ ಮೊದಲ ಸಲ ಎನ್ನುವಂತೆ ಅವಳು ಆ ಹೆಣ್ಣಿನ ಮುಖವನ್ನು ದಿಟ್ಟಿಸಿದಳು. ಆಮೇಲೆ ಬಾಗಿಲ ಹತ್ತಿರ ಹೋಗಿ ಎರಡೂ ಸೂಟ್‌ಕೇಸು ಎತ್ತಿಕೊಂಡು ಒಳಗಿನ ಕೋಣೆಗೆ ನಡೆದಳು. ಅವು ನೆಲಕ್ಕೆ ಕೂತ ಸದ್ದು ನಮಗೆಲ್ಲ ಕೇಳಿಸಿತು. ಹೊರಗೆ ಬಂದು ಹೊಸಿಲಲ್ಲೇ ಅವಳ ಪಕ್ಕ ಕುಸಿದು ಕೂತಳು.

"ತಪ್ಪಾಯ್ತು ಕಣೇ," ಎಂದಳು. ಬಸ್ಸಕ್ಕನ ಬಾಯಲ್ಲಿ ಆ ಮಾತು ಕೇಳಿದವರು ಬೀದಿಯಲ್ಲಿ ಯಾರೂ ಇರಲಿಲ್ಲ. "ಹೋಗು, ಹಾಲು ಕಾಯಿಸ್ಕೊಂಡು ಬಾ. ನೀನೇ ತಂದ್ಕೊಡು. ಈ ಕತ್ತೆ ಕೈಗೆ ಕೊಡಬೇಡ."

ತಮ್ಮನ ಹೆಂಡತಿ ಅತ್ತುಕೊಂಡೇ ನಕ್ಕಳು. ಅಂದು ಬಸ್ಸಕ್ಕ ಅವಳ ಕೈಯಿಂದ ಹಾಲು ಇಸಕೊಂಡು, ಒಳಗೆ ಏನಿದೆಯೆಂದು ಬಗ್ಗಿ ನೋಡದೆ ಕುಡಿದಳು.

ಬಿಳೀ ಮಾತ್ರೆ ಮುಂದುವರಿಯಲಿ, ಇನ್ನು ಏನು ಬದಲಾವಣೆಯಿದ್ದರೂ ನಾನು ಹೇಳುತ್ತೇನೆ ಎಂದರಂತೆ ಡಾಕ್ಟರು. ಕಾಲು ಪೂರ್ತಿ ಸುಮ್ಮನಾಗಲಿಲ್ಲ. ಈಗಲೂ ಒಮ್ಮೊಮ್ಮೆ ಅವರ ಮನೆಯಿಂದ ಇಸ್ತ್ರಿ ಪೆಟ್ಟಿಗೆಯ ಸದ್ದು ಕೇಳುತ್ತದೆ. ಆದರೆ ಈಗ ಅಂಥ ಹೊತ್ತಿನಲ್ಲಿ ಇನ್ನೊಬ್ಬಳು ಎದ್ದು ಬಂದು ಬಟ್ಟೆಯ ಆ ತುದಿ ಹಿಡಿದುಕೊಳ್ಳುತ್ತಾಳೆ.

ಮುಂದೊಂದು ಶನಿವಾರ ಆ ಮನೆಯವರು ನಮ್ಮನ್ನು ಬಲವಂತ ಮಾಡಿ ಬಸ್ಸು ಹತ್ತಿಸಿದರು. ಬಸ್ಸಕ್ಕ ಪ್ರಯಾಣಿಕಳಾಗಿ, ತಮ್ಮನ ಹಿಂದಿನ ಮೊದಲ ಸೀಟಿನಲ್ಲಿ ಕೂತಿದ್ದಳು. ಸುರಂಗ ದಾಟುವಷ್ಟರಲ್ಲಿ ಅವಳ ತಲೆ ತಮ್ಮನ ಹೆಂಡತಿಯ ಹೆಗಲ ಮೇಲಿತ್ತು. ನಾನು ಹೊಟ್ಟೆ ಹಿಡಿದುಕೊಂಡು ಬಸ್ಸು ನಿಲ್ಲಿಸಿ ಎಂದು ಕೂಗಲು ಎದ್ದೆ. ಆ ಹುಡುಗಿ ಹಿಂತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ಹೆಣಿಗೆಯ ಮುದುಕಿಯೂ ಇಟ್ಟಳು, ನನ್ನ ಷಡ್ಡಕನೂ ಇಟ್ಟ. ಅನ್ಯಾಯ ಎಂದುಕೊಂಡು ಬಾಯಿ ಮುಚ್ಚಿ ಕೂತೆ. ತಮ್ಮ ಗೇರು ಕೂಡ ಸದ್ದಾಗದಂತೆ ಬದಲಾಯಿಸುತ್ತಿದ್ದ. ಬಸ್ಸಿನಲ್ಲಿದ್ದ ನಾವೆಲ್ಲರೂ ಎಚ್ಚರವಾಗಿದ್ದೆವು. ಮಲಗಿದ್ದವಳು ಬಸ್ಸಕ್ಕ ಒಬ್ಬಳೇ.